ಮೂರನೇ ಚಾನೆಲ್ಲಿನ ಜವಾಬು

ಹೊಳಿಯಪ್ಪನವರಷ್ಟು ಸಿಟ್ಟು ತರಿಸುವ ಮನುಷ್ಯನನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಜೋರು ಮಾತಿಲ್ಲ, ಜಗಳವಿಲ್ಲ, ಬಾಯಿಂದ ಒಂದು ಬೈಗುಳ ಬಂದಿದ್ದಿಲ್ಲ. ಆದರೂ ಅವರು ರಾಣೆಬೆನ್ನೂರಿನ ಬಸ್ಸಿಳಿದು, ಹೆಗಲಿಗೆ ಖಾಕಿ ಚೀಲ ಹಾಕಿಕೊಂಡು ನಮ್ಮ ಗೇಟಿನಲ್ಲಿ ಕಾಣಿಸಿಕೊಂಡರೆ ಸಾಕು, ನನ್ನ ತಲೆ ಕಾಯುತ್ತಿತ್ತು. ಇವತ್ತು ಮಧ್ಯಾಹ್ನದ ರೊಟ್ಟಿ ಡಬ್ಬಿಯಲ್ಲೇ ಒಣಗುವುದು ಖಾತ್ರಿ ಅಂದುಕೊಳ್ಳುತ್ತಿದ್ದೆ.

ನಾನು ಪುಷ್ಪಲತಾ, ಹಾವೇರಿಯವಳು. ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನ ಗೇಟ್ ಆಫೀಸಿನಲ್ಲಿ ಹನ್ನೊಂದು ವರ್ಷ ಕ್ಲಾರ್ಕ್ ಆಗಿದ್ದೆ. ಮೆಣಸಿನಕಾಯಿ ಚೀಲ ಕೆಡದಂತೆ ಇಡುವ ಮೂರು ಅಂತಸ್ತಿನ ಕಟ್ಟಡ ಅದು. ಸೀಜನ್ನಿನಲ್ಲಿ ಗೇಟಿನಿಂದ ಹೆದ್ದಾರಿಯತನಕ ಲಾರಿ ನಿಲ್ಲುತ್ತಿದ್ದವು. ನನ್ನ ಬಾಯಿ ಜೋರು ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಆಡಿಕೊಳ್ಳಲಿ. ಮೆತ್ತಗಿದ್ದರೆ ಆ ಡ್ರೈವರುಗಳು ನನ್ನನ್ನು ಕುರ್ಚಿ ಸಮೇತ ಲಾರಿಗೆ ಹೇರಿಕೊಂಡು ಹೋಗುತ್ತಿದ್ದರು.

ಇಷ್ಟು ದಿನದ ಮೇಲೆ ಹೊಳಿಯಪ್ಪನವರ ವಿಷಯ ಬರೆಯಲು ಕುಳಿತದ್ದು ಜಯವ್ವ ಕೇಳಿದ ಒಂದು ಪ್ರಶ್ನೆಯ ದೆಸೆಯಿಂದ. ಜಯವ್ವ ನಮ್ಮಲ್ಲಿ ಕೆಲಸಕ್ಕಿದ್ದ ಶಂಕ್ರಪ್ಪನ ಹೆಂಡತಿ. ಶಂಕ್ರಪ್ಪ ಸತ್ತ ದಿನ ವಾಕಿಟಾಕಿಯಲ್ಲಿ ಮೂರು ಸಲ ಕರೆದಿದ್ದ. ಮೂರು ಸಲವೂ ಅದು ನನಗೆ ಕೇಳಿಸಿತ್ತು. ‘ನನ್ನ ಗಂಡ ಕರದಾಗ ನೀ ಯಾಕ ಜವಾಬು ಕೊಡ್ಲಿಲ್ಲ?’ ಎಂದು ಜಯವ್ವ ಮೂರು ವರ್ಷ ಕೇಳಿದಳು. ನಾನು ಜವಾಬು ಕೊಟ್ಟಿದ್ದೆ. ಅದನ್ನು ಅವಳು ನಂಬಲಿಲ್ಲ.

ಹೊಳಿಯಪ್ಪ ಹೊಳೆದಂಡೆಯ ಊರಿನವರು. ಚಿಕ್ಕ ವಯಸ್ಸಿನಲ್ಲಿ ಕುಮಾರಪಟ್ಟಣದ ಕಡೆ ಒಬ್ಬ ಗುತ್ತಿಗೆದಾರನ ಕೈಕೆಳಗೆ ವೈರಿಂಗ್ ಮಾಡುತ್ತ ವಾಕಿಟಾಕಿ ರಿಪೇರಿ ಕಲಿತಿದ್ದರು. ಆಮೇಲೆ ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕಿರಿದಾದ ಅಂಗಡಿ ಹಾಕಿದರು. ಟೇಪ್ ರೆಕಾರ್ಡರು, ಟಿವಿ ಹೊಟ್ಟೆಪಾಡಿಗೆ. ಮನಸ್ಸಿದ್ದದ್ದು ವಾಕಿಟಾಕಿಯ ಮೇಲೆ. ಎಡಗಿವಿ ಸ್ವಲ್ಪ ಮಂದ. ಮಾತಾಡಿಸಿದರೆ ಬಲಗಿವಿ ಮುಂದೆ ಮಾಡಿ, ಕಣ್ಣು ನೆಲಕ್ಕಿಟ್ಟು ಕೇಳುತ್ತಿದ್ದರು. ನಾನು ಬೈದಾಗಲೂ ಹಾಗೆಯೇ ನಿಂತು ಕೇಳುವುದು. ಬೈದು ಬೈದು ನನಗೇ ಬೇಸರ ಬಂದು ಬೈಯುವುದನ್ನು ನಿಲ್ಲಿಸುತ್ತಿದ್ದೆ.

ನಮ್ಮಲ್ಲಿ ಏಳೆಂಟು ಸೆಟ್ಟುಗಳಿದ್ದವು. ಬೇರೆ ಮೆಕ್ಯಾನಿಕ್ಕುಗಳಾದರೆ ಬ್ಯಾಟರಿ ಹಾಕಿ, ಹಲೋ ಹಲೋ ಅಂದು, ಚಹಾ ಕುಡಿದು ಹೋಗುತ್ತಾರೆ. ಇವರದು ಹಾಗಲ್ಲ. ಸೆಟ್ಟಿಗೆ ಒಂದು ಸಣ್ಣ ರಿಪೇರಿ ಮಾಡಿದರೂ ಅದನ್ನು ಇಟ್ಟುಕೊಳ್ಳುವವನು ತನ್ನ ಕೆಲಸದ ಜಾಗಕ್ಕೇ ಹೋಗಿ ನಿಲ್ಲಬೇಕು. ಅಲ್ಲಿಂದ ಹೆಸರು ಹೇಳಿ ಕರೆಯಬೇಕು. ಇತ್ತ ಕಡೆಯವರು ಜವಾಬು ಕೊಡಬೇಕು. ಜವಾಬು ಕೇಳಿದವನು ಇಳಿದು ಬಂದು ಹೊಳಿಯಪ್ಪನವರ ಉದ್ದನೆಯ ನೀಲಿ ನೋಟ್‌ಬುಕ್ಕಿನಲ್ಲಿ ಸಹಿ ಮಾಡಬೇಕು. ಎಲ್ಲಿಂದ ಕರೆದದ್ದು, ಯಾರು ಜವಾಬು ಕೊಟ್ಟದ್ದು, ಜವಾಬು ಕೇಳಿದವರ ಸಹಿ ಎಂದು ಮೂರು ಮನೆಗಳನ್ನು ಅದರಲ್ಲಿ ಅಡಿಪಟ್ಟಿ ಇಟ್ಟು ಗೀಚಿರುತ್ತಿದ್ದರು. ಮೂರನೇ ಅಂತಸ್ತಿನಿಂದ ಶಂಕ್ರಪ್ಪ ಏದುಸಿರು ಬಿಡುತ್ತ ಇಳಿದು ಬರುವತನಕ ಪೆನ್ನು ಹಿಡಿದು ನಿಂತಿರುತ್ತಿದ್ದರು.

‘ಅಲ್ರಿ ಹೊಳಿಯಪ್ಪಣ್ಣ, ಅಂವ ಮಾತಾಡಿದ್ದು ಇಲ್ಲಿ ನಮಗೆಲ್ಲಾ ಕೇಳಿಸ್ತಲ್ಲ. ಮತ್ಯಾಕ ಅವನ್ನ ಇಳಸ್ತೀರಿ?’ ಎಂದು ನಾನು ಜಗಳ ತೆಗೆಯುತ್ತಿದ್ದೆ.

‘ಕರದಿದ್ದು ಕೇಳಿಸ್ತು ಅಂದ್ರ ಅರ್ಧಾ ಕೆಲಸ ಆತು ಅಕ್ಕಾರ,’ ಎನ್ನುತ್ತಿದ್ದರು. ‘ಕರದಾಂವಗ ಜವಾಬು ಕೇಳಿಸ್ಬೇಕು. ಅದು ಅಂವನ ಹೇಳ್ಬೇಕು, ನಾವು ಹೇಳಾಕ ಬರೂದಿಲ್ಲ.’

ಶಂಕ್ರಪ್ಪನಿಗೆ ಮಾತ್ರ ಈ ಆಟ ಖುಷಿ. ಮೋಟೆಬೆನ್ನೂರಿನವನು, ನಲವತ್ತರ ಆಸುಪಾಸು, ಚೇಂಬರುಗಳಲ್ಲಿ ಚೀಲದ ಸಾಲು ನೋಡಿಕೊಳ್ಳುವ ಮೇಸ್ತ್ರಿ. ಮೇಲಿನಿಂದ ಕರೆಯುವಾಗ ದನಿಯನ್ನು ರೇಡಿಯೋ ವಾರ್ತೆಯವರಂತೆ ಬದಲಿಸಿ, ‘ಏಳನೇ ಚೇಂಬರಿನಿಂದ ಶಂಕ್ರಪ್ಪ, ಇಲ್ಲಿ ಭಾಳ ಥಂಡಿ ಐತಿ, ಪುಷ್ಪಕ್ಕಾರು ಚಹಾ ಕಳಸ್ಬೇಕು,’ ಎನ್ನುತ್ತಿದ್ದ. ನಾನು ಬೈಯುತ್ತಿದ್ದೆ. ಆ ಬೈಗುಳವೇ ಜವಾಬು. ಅದಕ್ಕೇ ಅವನು ಬಂದು ಸಹಿ ಮಾಡುತ್ತಿದ್ದ.

ಮೊದಲು ಎಲ್ಲ ಸೆಟ್ಟುಗಳೂ ಒಂದೇ ಚಾನೆಲ್ಲಿನ ಮೇಲೆ ಇದ್ದವು. ಸಂತೆಯ ಗದ್ದಲ ಅದು. ಕಾಟಾದವನು ಲಾರಿ ತೂಕ ಹೇಳುವಾಗ ಹಮಾಲರ ಮುಖಂಡ ನಡುವೆ ಬಾಯಿ ಹಾಕುತ್ತಿದ್ದ, ಸ್ಟೋರೇಜಿನ ಮಾಲೀಕರಾದ ಸಾವ್ಕಾರರು ರೇಗುತ್ತಿದ್ದರು. ಎರಡು ಸಾವಿರದ ಐದರ ದೀಪಾವಳಿ ಮುಗಿದ ಮೇಲೆ ಹೊಳಿಯಪ್ಪ ಎರಡು ದಿನ ನನ್ನ ಮೇಜಿನ ಕಂಪ್ಯೂಟರಿಗೆ ಒಂದು ವೈರು ಸಿಕ್ಕಿಸಿಕೊಂಡು ಕುಳಿತು, ಎಲ್ಲವನ್ನೂ ಬೇರೆ ಬೇರೆ ಮಾಡಿದರು. ಗೇಟು ಮತ್ತು ಕಾಟಾ ಒಂದನೇ ಚಾನೆಲ್ಲು. ಹಮಾಲರು ಎರಡು. ಅಮೋನಿಯಾ ಗ್ಯಾಸಿನಿಂದ ಚೇಂಬರುಗಳನ್ನು ಥಂಡಿ ಮಾಡುವ ಮಷೀನ್ ರೂಮು ಮತ್ತು ಶಂಕ್ರಪ್ಪ ಮೂರು. ನಾಲ್ಕು ಸಾವ್ಕಾರರದು. ನನ್ನ ಸೆಟ್ಟಿಗೆ ಮಾತ್ರ ಸ್ಕ್ಯಾನ್ ಹಾಕಿದರು.

‘ಇದು ನಾಕೂ ಮನಿ ಬಾಗಲಕ್ಕ ಹೋಗಿ ಕಿವಿ ಕೊಟ್ಟು ಬರ್ತಾ ಇರತೈತಿ,’ ಎಂದು ತಿಳಿಸಿ ಹೇಳಿದರು. ‘ಯಾರರ ಮಾತಾಡಿದ್ರ ಅಲ್ಲೇ ನಿಲ್ಲತೈತಿ. ಅದು ನಿಂತಾಗ ನೀವು ಗುಂಡಿ ಒತ್ತಿ ಮಾತಾಡಿದ್ರ, ಜವಾಬು ಆ ಮನಿಗೇ ಹೋಗತೈತಿ. ನೀವು ಏನೂ ತಿರುವೂದು ಬ್ಯಾಡ.’

ಆ ಸಲ ಪರೀಕ್ಷೆಗೆ ಒಂದಿಡೀ ದಿನ ಹಿಡಿಯಿತು. ನಾಲ್ಕು ಚಾನೆಲ್ಲಿನವರೂ ಸಹಿ ಮಾಡಿದರು. ಸಾವ್ಕಾರ ರುದ್ರಮುನಿಯವರನ್ನೂ ಬಿಡಲಿಲ್ಲ. ಅವರು ಮನೆಯಿಂದ ಕಾರಿನಲ್ಲಿ ಬಂದು ನಗುತ್ತ ಸಹಿ ಹಾಕಿ ಹೋದರು.

ಎರಡು ತಿಂಗಳು ಎಲ್ಲ ಸುಸೂತ್ರ. ಜನವರಿಯ ಒಂದು ಸೋಮವಾರ, ಪೇಟೆ ದಿನ, ನನ್ನ ಗ್ರಹಚಾರ ಕೆಟ್ಟಿತ್ತು. ಗೇಟಿನ ವಾಚ್‌ಮನ್ ಪರಮೇಶಪ್ಪ ಒಂದನೇ ಚಾನೆಲ್ಲಿನಲ್ಲಿ, ‘ಅಕ್ಕಾ, ಈ ಡ್ರೈವರ್ ಚೀಟಿ ಚೀಟಿ ಅಂತ ಒಂದ ಸಮ ಕಾಡಾಕತ್ತಾನ,’ ಎಂದ. ನಾನು ಪೆನ್ನು ಹುಡುಕುತ್ತ ಎರಡು ಗಳಿಗೆ ತಡ ಮಾಡಿ ಗುಂಡಿ ಒತ್ತಿದೆ. ಅಷ್ಟರಲ್ಲಿ ಸಾವ್ಕಾರರು ನಾಲ್ಕರಲ್ಲಿ ಯಾರನ್ನೋ ಕರೆದಿದ್ದರು, ನನ್ನ ಸೆಟ್ಟು ಅಲ್ಲಿ ಹೋಗಿ ನಿಂತಿತ್ತು. ‘ಅವಗ ಹೇಳು, ಸಾವ್ಕಾರ್ರು ಹೊಟ್ಟಿ ತುಂಬ ಹೊಡದು ಮಲಗ್ಯಾರ, ಅವರು ಎದ್ದು ಬಾಯಿ ತೊಳಕೊಳ್ಳೂತನಕ ಚೀಟಿಗೆ ಸಹಿ ಆಗೂದಿಲ್ಲ,’ ಎಂದೆ. ಸಾವ್ಕಾರರು ಪರಊರಿನ ಖರೀದಿದಾರರ ನಡುವೆ ಕುಳಿತಿದ್ದರು. ಸೆಟ್ಟು ಮೇಜಿನ ಮೇಲಿತ್ತು.

ಅವರು ಬಂದು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಹಮಾಲರ ಎದುರು ಬೈದರು. ಎಲ್ಲರಿಗೂ ಬೈಯುವವಳು ನಾನು. ಆವತ್ತು ಬೈಸಿಕೊಂಡು ನಿಂತೆ. ಮೈಯೆಲ್ಲ ಉರಿಯಿತು. ಆ ಉರಿಯನ್ನು ಗುರುವಾರ ಬಂದ ಹೊಳಿಯಪ್ಪನವರ ಮೇಲೆ ತೀರಿಸಿಕೊಂಡೆ.

‘ನನ್ನ ಮಾತು ಗೇಟಿಗಷ್ಟ ಹೋಗ್ಬೇಕು. ಸೆಟ್ ಎಲ್ಲಿ ಬೇಕಾದ್ರೂ ನಿಲ್ಲಲಿ, ನಾ ಗುಂಡಿ ಒತ್ತಿದ್ರ ಒಂದನೇದಕ್ಕ ಹೋಗ್ಬೇಕು. ಹಂಗ ಮಾಡಾಕ ಬರತೈತೋ ಇಲ್ಲೋ?’

‘ಬರತೈತಿ,’ ಎಂದರು. ಬಲಗಿವಿ ನನ್ನ ಕಡೆ ಇತ್ತು. ‘ಆದರ ಹಂಗ ಮಾಡಿದ್ರ, ಬ್ಯಾರೆದವರು ಕರದಾಗ ನೀವು ಮೊದಲ ಸೆಟ್ಟಿನ ತಲಿ ಮ್ಯಾಲಿನ ಈ ತಿರುಗಣಿ ಅವರ ನಂಬರಿಗೆ ತಿರುವ್ಬೇಕು. ಆಮ್ಯಾಲೆ ಗುಂಡಿ. ಮರತ್ರ ಅವರ ಮಾತು ನಿಮಗ ಕೇಳತೈತಿ, ನಿಮ್ಮ ಮಾತು ಅವರಿಗೆ ಕೇಳೂದಿಲ್ಲ. ಭಾಳ ಕೆಟ್ಟದ್ದದು.’

‘ನಾ ಏನ್ ಸಣ್ಣ ಕೂಸ? ತಿರುವ್ತೇನಿ. ಮಾಡ್ರಿ.’

ಮಾಡಿದರು. ಕಾಲು ತಾಸಿನ ಕೆಲಸ. ಆಮೇಲೆ ನೀಲಿ ಪುಸ್ತಕ ತೆಗೆದು, ಎಲ್ಲರನ್ನೂ ಅವರವರ ಜಾಗಕ್ಕೆ ಕಳಿಸಿರಿ ಎಂದರು. ಹೊರಗೆ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು, ಶಂಕ್ರಪ್ಪ ಮೇಲೆ ಇನ್ನೂರು ಚೀಲ ಹಚ್ಚಿಸುತ್ತಿದ್ದ. ನನಗೆ ತಾಳ್ಮೆ ಎಲ್ಲಿಂದ ಬರಬೇಕು. ಪುಸ್ತಕ ಅವರ ಕೈಯಿಂದ ಕಸಿದುಕೊಂಡು, ಕೆಳಗೆ ‘ಪುಷ್ಪಲತಾ’ ಎಂದು ಸಹಿ ಗೀಚಿ ಮುಂದೆ ತಳ್ಳಿದೆ. ಜವಾಬು ಕೇಳಿದವರ ಸಹಿಯ ಮನೆಗಳು ಖಾಲಿಯೇ ಉಳಿದವು. ಹೊಳಿಯಪ್ಪ ಆ ಖಾಲಿ ಮನೆಗಳನ್ನು ನೋಡುತ್ತ ಬಹಳ ಹೊತ್ತು ನಿಂತರು. ನಾನು ತಲೆ ಎತ್ತಲಿಲ್ಲ. ಮುಂದಿನ ವಾರ ಪರೀಕ್ಷೆ ಮಾಡುತ್ತೇನೆ ಎಂದು ಹೋದರು. ಮುಂದಿನ ವಾರ ಬಂದೂ ಬಂದರು. ಪುರುಸೊತ್ತಿಲ್ಲ ಎಂದು ನಾನು ಪರಮೇಶಪ್ಪನ ಕಡೆಯಿಂದ ಹೇಳಿಸಿ ಗೇಟಿನಿಂದಲೇ ವಾಪಸು ಕಳಿಸಿದೆ.

ಮೊದಮೊದಲು ತಿರುಗಣಿ ತಿರುಗಿಸುತ್ತಿದ್ದೆ. ಎರಡನೆಯದಕ್ಕೆ, ನಾಲ್ಕನೆಯದಕ್ಕೆ. ಮೂರರಲ್ಲಿ ನನ್ನ ಜೊತೆ ಮಾತಾಡುವವರೇ ಕಡಿಮೆ. ಮಷೀನ್ ರೂಮಿನವರು ಟೆಲಿಫೋನಿನಲ್ಲಿ ಮಾತಾಡುತ್ತಿದ್ದರು. ಬರಬರುತ್ತ ಗೇಟು ಬಿಟ್ಟರೆ ಯಾರಿಗೂ ಜವಾಬು ಕೊಡುವ ಪ್ರಸಂಗವೇ ಬರುತ್ತಿರಲಿಲ್ಲ. ತಿರುಗಣಿ ಒಂದರ ಮೇಲೆಯೇ ಕುಳಿತುಬಿಟ್ಟಿತು.

ಮಾರ್ಚ್ ತಿಂಗಳ ಒಂದು ಮಂಗಳವಾರ. ಬೆಳಗಿನ ಹನ್ನೊಂದು ಗಂಟೆ. ಮಷೀನ್ ರೂಮಿನ ಆಪರೇಟರ್ ಮೂಗಿಗೆ ಒದ್ದೆ ಟವೆಲ್ ಹಿಡಿದು ನನ್ನ ಕಿಟಕಿಯ ಮುಂದೆ ಓಡಿ ಬಂದ, ಅವನ ಸೆಟ್ಟು ಮಷೀನ್ ರೂಮಿನಲ್ಲೇ ಉಳಿದಿತ್ತು. ‘ಮೂರನೇ ಅಂತಸ್ತಿನ ಪ್ಯಾಸೇಜಿನ್ಯಾಗ ಪೈಪಿನ ಜಾಯಿಂಟ್ ಬಿಟ್ಟೈತಿ ಅಕ್ಕಾ, ಅಮೋನಿಯಾ ತುಂಬೇತಿ. ನಾ ಹೊರಗಿಂದ ದೊಡ್ಡ ವಾಲ್ ಮುಚ್ಚತೇನಿ. ಚೇಂಬರಿನ ಒಳಗಿದ್ದವರು ಬಾಗಲಾ ತೆಗೀಬಾರದು. ಒಳಗ ಗ್ಯಾಸ್ ಇಲ್ಲ. ಹತ್ತ ನಿಮಿಷ ಅಲ್ಲೇ ಕುಂದ್ರಾಕ ಹೇಳು.’

ಅವನು ಅತ್ತ ಹೋದ ಕೂಡಲೇ ನನ್ನ ಸೆಟ್ಟಿನಲ್ಲಿ ಶಂಕ್ರಪ್ಪನ ದನಿ ಬಂತು. ವಾರ್ತೆಯ ದನಿಯಲ್ಲ. ‘ಗೇಟ್ ಆಫೀಸ್, ಶಂಕ್ರಪ್ಪ. ಪ್ಯಾಸೇಜಿನ್ಯಾಗ ಗ್ಯಾಸ್ ಐತಿ. ನಾ ಏಳನೇ ಚೇಂಬರಿನ್ಯಾಗ ಬಾಗಲಾ ಹಾಕ್ಕೊಂಡೇನಿ. ಇಲ್ಲೇ ಇರ್ಲೋ, ಓಡಿ ಬರ್ಲೋ?’

‘ಅಲ್ಲೇ ಕುಂದ್ರು ಶಂಕ್ರಪ್ಪಣ್ಣ, ಬಾಗಲಾ ತೆಗೀಬ್ಯಾಡ. ವಾಲ್ ಮುಚ್ಚಾಕತ್ತಾರ. ಹತ್ತ ನಿಮಿಷ ಕುಂದ್ರು, ಬರ್ತಾರ,’ ಎಂದೆ.

ತಿರುಗಣಿಯ ನೆನಪು ನನಗೆ ಬರಲಿಲ್ಲ. ಆ ಗಳಿಗೆಯಲ್ಲೂ ಬರಲಿಲ್ಲ, ಆಮೇಲೆ ಮೂರು ವರ್ಷವೂ ಬರಲಿಲ್ಲ.

‘ಯಾರರ ಅದೀರೇನು? ಜವಾಬು ಕೊಡ್ರಿ,’ ಎಂದ ಶಂಕ್ರಪ್ಪ. ನಾನು ಮತ್ತೆ ಅದನ್ನೇ ಹೇಳಿದೆ, ಗಂಟಲು ಹರಿಯುವಂತೆ ಹೇಳಿದೆ. ಗೇಟಿನಲ್ಲಿ ನಿಂತ ಪರಮೇಶಪ್ಪನ ಸೆಟ್ಟಿನಲ್ಲಿ ನನ್ನ ಮಾತು ಸ್ಪಷ್ಟ ಕೇಳುತ್ತಿತ್ತು. ಮೂರನೆಯ ಸಲ ಶಂಕ್ರಪ್ಪ ಪ್ರಶ್ನೆ ಕೇಳಲಿಲ್ಲ, ಸುಮ್ಮನೆ ಹೇಳಿದ. ‘ಯಾರೂ ಇಲ್ಲ ಕಾಣಸ್ತೈತಿ. ನಾ ಬರ್ತೇನಿ.’

ಬೇಡ ಬೇಡ ಎಂದು ನಾನು ಕೂಗುತ್ತಲೇ ಇದ್ದೆ. ಅವನು ಎರಡನೇ ಅಂತಸ್ತಿನ ಮೆಟ್ಟಿಲತನಕ ಬಂದಿದ್ದ. ಆಸ್ಪತ್ರೆಗೆ ಒಯ್ಯುವಾಗಲೇ ಜೀವ ಹೋಗಿತ್ತು. ಏಳನೇ ಚೇಂಬರಿನ ಒಳಗೆ ಗ್ಯಾಸಿನ ವಾಸನೆಯೂ ಇರಲಿಲ್ಲ ಎಂದು ಆಮೇಲೆ ಆಪರೇಟರ್ ಹೇಳಿದ.

ವಿಚಾರಣೆ ನಡೆಯಿತು. ನಾನು ಕೇಳಿಸಿಕೊಂಡದ್ದನ್ನೂ ಹೇಳಿದ್ದನ್ನೂ ಹೇಳಿದೆ. ಪರಮೇಶಪ್ಪ ಸಾಕ್ಷಿ ನುಡಿದ. ಹೊಳಿಯಪ್ಪನವರನ್ನು ಕರೆಸಿದರು. ಅವರು ನನ್ನ ಸೆಟ್ಟನ್ನು ಕೈಗೆ ತೆಗೆದುಕೊಂಡು, ಅದರ ತಲೆಯ ಮೇಲೆ ಬೆರಳಾಡಿಸಿ, ಕೆಳಗಿಟ್ಟರು. ‘ಸೆಟ್ ಹೊಂದಿಸಿದ್ದರಾಗ ತಪ್ಪು ಆಗೇತ್ರಿ. ಅದು ನನ್ನ ತಪ್ಪು,’ ಎಂದರು. ಪರೀಕ್ಷೆ ಮಾಡಿದ ಪುಸ್ತಕ ಎಲ್ಲಿ ಎಂದು ಕೇಳಿದ್ದಕ್ಕೆ, ಕಳೆದಿದೆ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಜೀವ ತಿಂದು ಸಹಿ ಮಾಡಿಸಿಕೊಂಡ ಪುಸ್ತಕ ಈಗ ಕಳೆಯಿತೇ? ಮನುಷ್ಯ ಕಳ್ಳ, ಕೆಟ್ಟ ಸೆಟ್ಟು ಕೊಟ್ಟು ಕೈ ತೊಳೆದುಕೊಂಡ ಎಂದು ನಾನು ಕಂಡಕಂಡವರ ಮುಂದೆ ಹೇಳಿದೆ. ಬಾಯಿ ಜೋರಿತ್ತಲ್ಲ, ಮಾತು ಬೇಗ ಹರಡಿತು. ಬ್ಯಾಡಗಿಯಲ್ಲಿ ಒಂದು ಕೋಲ್ಡ್ ಸ್ಟೋರೇಜಿನವರೂ ಆಮೇಲೆ ಅವರನ್ನು ಕರೆಯಲಿಲ್ಲ. ಸಾವ್ಕಾರರು ಹೊಸ ಸೆಟ್ಟು ತರಿಸಿದರು. ಹಳೆಯವನ್ನು ಹೊಳಿಯಪ್ಪ ಕೇಳಿ ಒಯ್ದರಂತೆ. ಅಂಗಡಿಯಲ್ಲಿ ಮಿಕ್ಸರು, ಟಿವಿ ರಿಮೋಟು ರಿಪೇರಿ ಮಾಡಿಕೊಂಡು ಇದ್ದರು.

ಜಯವ್ವ ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಬರತೊಡಗಿದಳು. ನಾನು ಹಾವೇರಿಯಿಂದ ಬರುವ ಬಸ್ಸು ಮೋಟೆಬೆನ್ನೂರಿನಲ್ಲಿ ನಿಂತಾಗ ಅವಳು ಹತ್ತುತ್ತಿದ್ದಳು. ನನ್ನ ಪಕ್ಕದ ಸೀಟು ಖಾಲಿ ಇದ್ದರೂ ನಿಂತೇ ಬರುತ್ತಿದ್ದಳು. ಮೊದಲು ನನಗೆ ಬಹುವಚನ ಹಚ್ಚುತ್ತಿದ್ದವಳು ಈಗ ಏಕವಚನಕ್ಕೆ ಇಳಿದಿದ್ದಳು. ಇಳಿಯುವಾಗ, ಜನರ ನಡುವೆ, ಮೆಲ್ಲಗೆ ಅದೊಂದೇ ಪ್ರಶ್ನೆ ಕೇಳುತ್ತಿದ್ದಳು.

ಒಮ್ಮೆ ನಾನು ಸೋತು, ‘ಜಯವ್ವಾ, ನಾ ಮೂರು ಸಲಾನೂ ಹೇಳೇನಿ. ಸೆಟ್ ಕೆಟ್ಟಿತ್ತವಾ, ಅದಕ್ಕ ನಾ ಏನ್ ಮಾಡ್ಲಿ,’ ಎಂದೆ.

ಅವಳು ನನ್ನನ್ನೇ ನೋಡಿದಳು. ‘ಸೆಟ್ ಕೆಟ್ಟಿದ್ರ ಅಂವ ಮಾತಾಡಿದ್ದು ನಿನಗ ಹ್ಯಾಂಗ ಕೇಳ್ತು? ನೀ ಮಾತಾಡಿದ್ದು ಪರಮೇಶಪ್ಪಗ ಹ್ಯಾಂಗ ಕೇಳ್ತು? ಎಲ್ಲಾರಿಗೂ ಕೇಳೂ ಮಾತು ನನ್ನ ಗಂಡಗೊಬ್ಬವಗ ಕೇಳ್ಲಿಲ್ಲೇನು? ನೀವು ಎಲ್ಲಾರೂ ನಿಮ್ಮ ನಿಮ್ಮ ಜೀವಾ ಹಿಡಕೊಂಡು ಓಡೀರಿ. ಅಂವ ಒಬ್ಬನ ಕುಂತು ಕರದ ಕರದ ಸತ್ತ. ಯಾರೂ ಇಲ್ಲ ಅನಕೋತ ಸತ್ತ. ನನಗ ರಾತ್ರಿ ಹಗಲಿ ಅದೊಂದ ಕೇಳತೈತಿ.’

ಆವತ್ತು ಆಫೀಸಿಗೆ ಹೋಗಲಿಲ್ಲ. ರಾಣೆಬೆನ್ನೂರಿನ ಬಸ್ಸು ಹಿಡಿದು ಸೀದಾ ಹೊಳಿಯಪ್ಪನವರ ಅಂಗಡಿಗೆ ಹೋದೆ. ಎರಡು ಸಾವಿರದ ಒಂಬತ್ತರ ಬೇಸಿಗೆ. ಅವರು ಒಂದು ಮಿಕ್ಸರು ಬಿಚ್ಚಿಕೊಂಡು ಕುಳಿತಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು.

‘ನೀವು ಬಂದು ಜಯವ್ವಗ ಹೇಳ್ರಿ,’ ಎಂದೆ, ಬಾಗಿಲಲ್ಲೇ ನಿಂತು. ‘ಕೆಟ್ಟ ಸೆಟ್ ಕೊಟ್ಟವರು ನೀವು. ಮೂರು ವರ್ಷದಿಂದ ಅಕಿ ಮಾತು ಕೇಳಾಕತ್ತಾಕಿ ನಾನು.’

‘ಸೆಟ್ ಕೆಟ್ಟಿದ್ದಿಲ್ಲ ಅಕ್ಕಾರ.’

‘ಮತ್ತ ಅವತ್ತ ಯಾಕ ನನ್ನ ತಪ್ಪು ಅಂದ್ರಿ?’

‘ತಪ್ಪು ನಂದ ಐತಿ. ಸೆಟ್ಟಿಂದಲ್ಲ,’ ಎಂದರು. ಮಿಕ್ಸರಿನ ಮುಚ್ಚಳ ಕೂಡಿಸಿ ಕೈ ಒರೆಸಿಕೊಂಡರು. ‘ಬರ್ತೇನಿ. ಆದರ ಬಂದ್ರ ಪೂರಾ ತೋರಿಸ್ಬೇಕಾಗತೈತಿ. ನಡುವ ನಿಲ್ಸಾಕ ಬರೂದಿಲ್ಲ. ನಡೀತೈತೇನು, ವಿಚಾರ ಮಾಡ್ರಿ.’

‘ನಂದೇನೈತಿ ಮುಚ್ಚಿಡಾಕ? ನಡೀರಿ,’ ಎಂದೆ.

ಅವರು ಮೇಲಿನ ಹಲಗೆಯಿಂದ ಬಟ್ಟೆಯ ಗಂಟು ಇಳಿಸಿದರು. ಒಳಗೆ ಎರಡು ಸೆಟ್ಟು, ನನ್ನದು ಮತ್ತು ಶಂಕ್ರಪ್ಪನದು. ಅಮಾವಾಸ್ಯೆಗೊಮ್ಮೆ ಅವುಗಳ ಬ್ಯಾಟರಿ ಚಾರ್ಜ್ ಮಾಡಿ ಇಡುತ್ತಿದ್ದರಂತೆ. ಯಾಕೆ ಎಂದು ಕೇಳಲು ನನಗೆ ಆಗ ತೋಚಲಿಲ್ಲ. ನನ್ನ ಸಿಟ್ಟಿನಲ್ಲಿ ನಾನಿದ್ದೆ.

ಮೋಟೆಬೆನ್ನೂರಿನಲ್ಲಿ ಜಯವ್ವನ ಮನೆ ಓಣಿಯ ಕೊನೆಗೆ. ಅವಳು ಕೆಲಸದಿಂದ ಬಂದು ಕೈ ತೊಳೆಯುತ್ತಿದ್ದಳು. ಮೆಣಸಿನಕಾಯಿಯ ಖಾರ ಎಷ್ಟು ತೊಳೆದರೂ ಹೋಗುವುದಿಲ್ಲ. ನಮ್ಮನ್ನು ಕಂಡು ಬರ್ರಿ ಅನ್ನಲಿಲ್ಲ. ಹೊಳಿಯಪ್ಪ ಕಟ್ಟೆಯ ಮೇಲೆ ಕುಳಿತು, ಶಂಕ್ರಪ್ಪನ ಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದರು. ‘ಇದು ನಿನ್ನ ಗಂಡಂದು, ತಂಗಿ. ಅವತ್ತ ಹ್ಯಾಂಗಿತ್ತೋ ಹಂಗ ಐತಿ.’ ಅವಳು ಅದನ್ನು ಮುಟ್ಟಲು ಹಿಂದೆ ಮುಂದೆ ನೋಡಿದಳು, ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು ತೆಗೆದುಕೊಂಡಳು.

ನನ್ನ ಸೆಟ್ಟನ್ನು ನನಗೆ ಕೊಟ್ಟು, ಓಣಿಯಾಚೆಯ ಬೇವಿನ ಮರದ ಕೆಳಗೆ ಹೋಗಿ ನಿಲ್ಲಲು ಹೇಳಿದರು. ‘ತಂಗಿ ಕರೀತಾಳ. ನೀವು ಅವತ್ತ ಹ್ಯಾಂಗ ಜವಾಬು ಕೊಟ್ರಿ, ಹಂಗ ಕೊಡ್ರಿ. ಅವತ್ತ ಮಾಡಿದ್ದಷ್ಟ ಮಾಡ್ರಿ, ಬ್ಯಾರೆ ಏನೂ ಮಾಡಬ್ಯಾಡ್ರಿ.’

ಹೋಗಿ ನಿಂತೆ. ಸ್ವಲ್ಪ ಹೊತ್ತಿಗೆ, ಸ್ಕ್ಯಾನ್ ಮಾಡುತ್ತ ಮಿಣುಕುತ್ತಿದ್ದ ಸೆಟ್ಟಿನ ದೀಪ ನಿಂತು ಜಯವ್ವನ ದನಿ ಬಂತು. ‘ಯಾರರ ಅದೀರೇನು?’ ಇಷ್ಟೇ. ಗುಂಡಿ ಒತ್ತಿ, ‘ಅದೇನಿ ಜಯವ್ವಾ, ಕೇಳಾಕತ್ತೇನಿ,’ ಎಂದೆ. ಆಚೆಯಿಂದ ಏನೂ ಇಲ್ಲ. ಮತ್ತೆ ಅವಳ ದನಿ, ‘ಯಾರರ ಅದೀರೇನು?’ ನಾನು ಮತ್ತೆ ಹೇಳಿದೆ. ಅವಳಿಗೆ ಕೇಳಲಿಲ್ಲ. ಕಟ್ಟೆಯ ಮೇಲೆ ಅವಳು ಸೆಟ್ಟನ್ನು ಕಿವಿಗೆ ಒತ್ತಿಕೊಂಡು ಕುಳಿತದ್ದು ನನಗೆ ಕಾಣುತ್ತಿತ್ತು.

ವಾಪಸು ಬಂದೆ. ಹೊಳಿಯಪ್ಪ ಜಯವ್ವನಿಗೆ ಹೇಳುತ್ತಿದ್ದರು: ‘ಅಕ್ಕಾರು ಮಾತಾಡ್ಯಾರ ತಂಗಿ. ಮೂರೂ ಸಲ ಮಾತಾಡ್ಯಾರ. ಮಾತು ಗೇಟಿನ ಚಾನೆಲ್ಲಿಗೆ ಹೋಗೇತಿ, ನಿನ್ನ ಗಂಡನ ಚಾನೆಲ್ಲಿಗೆ ಹೋಗಿಲ್ಲ. ಹಂಗ ಹೊಂದಿಸಿದಾಂವ ನಾನು. ಹೊಂದಿಸಿದ ಮ್ಯಾಲೆ ಪರೀಕ್ಷಾ ಮಾಡಬೇಕಿತ್ತು, ಮಾಡದ ಹೋದಾಂವನೂ ನಾನು. ಬ್ಯಾರೆ ಯಾರದೂ ತಪ್ಪಿಲ್ಲ.’

ನಾನು ಕೈಯಲ್ಲಿದ್ದ ಸೆಟ್ಟು ನೋಡಿದೆ. ತಿರುಗಣಿ ಒಂದರ ಮೇಲಿತ್ತು. ಆಗ ಎಲ್ಲ ನೆನಪಾಯಿತು. ಕಸಿದುಕೊಂಡ ಪುಸ್ತಕ, ಗೀಚಿದ ಸಹಿ, ಗೇಟಿನಿಂದ ವಾಪಸು ಕಳಿಸಿದ್ದು. ಹೊಳಿಯಪ್ಪ ನನ್ನ ಕಡೆ ನೋಡಲಿಲ್ಲ, ಕಣ್ಣು ನೆಲದ ಮೇಲಿತ್ತು. ಅವರು ಹೇಳುವಷ್ಟನ್ನು ಹೇಳಿ ಮುಗಿಸಿದ್ದರು. ನಾನು ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಜಯವ್ವ ನನ್ನನ್ನು ನಂಬುತ್ತಿದ್ದಳು, ನಾಳೆ ಬಸ್ಸಿನಲ್ಲಿ ಮಾತಾಡಿಸುತ್ತಿದ್ದಳು. ಖರೇ ಹೇಳುತ್ತೇನೆ, ಒಂದು ಗಳಿಗೆ ಸುಮ್ಮನಿರೋಣ ಅನ್ನಿಸಿತು. ನನಗೆ ಅಷ್ಟು ಆಸೆಯಾಗಿತ್ತು.

‘ಅವರದಲ್ಲ,’ ಎಂದೆ. ‘ಹಂಗ ಮಾಡ್ರಿ ಅಂತ ಹಟಾ ಹಿಡದಾಕಿ ನಾನು ಜಯವ್ವಾ. ಪರೀಕ್ಷಾ ಮಾಡಾಕ ಬಂದ್ರ ವಾಪಸು ಕಳಿಸಿದಾಕೀನೂ ನಾನು. ಇದನ್ನ ಮೂರಕ್ಕ ತಿರುವಿ ಮಾತಾಡ್ಬೇಕಿತ್ತು. ಮರತ್ನಿ. ಮೂರು ಸಲಾನೂ ಮರತ್ನಿ.’

ನನಗೆ ಅಳು ತಡೆಯಲಾಗಲಿಲ್ಲ. ಜಯವ್ವ ಅಳಲಿಲ್ಲ. ಸೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಅವಳು ಬೇವಿನ ಮರದ ಕಡೆ ಕೈ ಮಾಡಿದಳು.

‘ಹೋಗು. ಅಲ್ಲೇ ನಿಂತು ತಿರುವಿ ಹೇಳು. ಅವತ್ತ ಏನ್ ಹೇಳಿದ್ದಿ, ಅದನ್ನ ಹೇಳು.’

ಹೋದೆ. ತಿರುಗಣಿಯನ್ನು ಎರಡು ದಾಟಿಸಿ ಮೂರಕ್ಕೆ ತಂದೆ. ಗುಂಡಿ ಒತ್ತಿದೆ. ‘ಅಲ್ಲೇ ಕುಂದ್ರು ಶಂಕ್ರಪ್ಪಣ್ಣ, ಬಾಗಲಾ ತೆಗೀಬ್ಯಾಡ. ವಾಲ್ ಮುಚ್ಚಾಕತ್ತಾರ. ಹತ್ತ ನಿಮಿಷ ಕುಂದ್ರು, ಬರ್ತಾರ,’ ಎಂದೆ.

ಆಮೇಲೆ ಅವಳ ದನಿ ಬಂತು. ‘ಕೇಳಿಸ್ತು.’ ಗುಂಡಿ ಬಿಟ್ಟು ಮತ್ತೆ ಒತ್ತಿದಳು. ‘ಹಂಗಂದ್ರ ನೀ ಇದ್ದಿ.’ ಇನ್ನೊಮ್ಮೆ ಒತ್ತಿ, ‘ಅವಗೂ ಕೇಳಿಸಿದ್ರ ಕುಂದರ್ತಿದ್ದ,’ ಎಂದಳು.

ನಾನು ಕಟ್ಟೆಗೆ ಮರಳುವಷ್ಟರಲ್ಲಿ ಹೊಳಿಯಪ್ಪ ಖಾಕಿ ಚೀಲದಿಂದ ನೀಲಿ ಪುಸ್ತಕ ತೆಗೆದು ತೊಡೆಯ ಮೇಲೆ ಬಿಚ್ಚಿಕೊಂಡಿದ್ದರು. ಕಳೆದದ್ದೆಂದು ಹೇಳಿದ್ದ ಪುಸ್ತಕ. ಆ ಗುರುವಾರದ ಹಾಳೆ ಹಾಗೆಯೇ ಇತ್ತು. ಕೆಳಗೆ ನನ್ನ ಸೊಟ್ಟ ಸಹಿ. ಅದನ್ನು ವಿಚಾರಣೆಯವರಿಗೆ ತೋರಿಸಿದ್ದರೆ ನನ್ನ ಕೆಲಸ ಹೋಗುತ್ತಿತ್ತು, ಇನ್ನೂ ಏನೇನು ಆಗುತ್ತಿತ್ತೋ. ಅದರ ಬದಲು ಅವರ ಕೆಲಸ ಹೋಗಿತ್ತು, ಹೆಸರು ಹೋಗಿತ್ತು. ಹೆಸರು ಕೆಡಿಸಿದವಳು ನಾನು.

‘ಇಷ್ಟು ದಿನ ಯಾಕ ಸುಮ್ನಿದ್ರಿ ಅಣ್ಣಾರ?’ ಎಂದೆ.

‘ನಿಮ್ಮ ಸಹಿ ಇತ್ತು ಅನ್ನೂದು ಖರೇ,’ ಎಂದರು. ‘ಆದರ ಖಾಲಿ ಮನಿ ನೋಡಿನೂ ಪುಸ್ತಕ ಮುಚ್ಚಿ ಬಸ್ ಹತ್ತಿದಾಂವ ನಾನು. ನನ್ನ ಜೀವನದಾಗ ಅದೊಂದ ಸಲ.’

ಆಮೇಲೆ ಜಯವ್ವನ ಕಡೆ ತಿರುಗಿ, ಮೂರನೇ ಚಾನೆಲ್ಲಿನ ಸಾಲಿನ ಮೇಲೆ ಬೆರಳಿಟ್ಟರು. ಜವಾಬು ಕೇಳಿದವರ ಸಹಿ. ಪೆನ್ನು ಕೊಟ್ಟರು. ಅವಳು ಎರಡನೇ ಇಯತ್ತೆಗೆ ಸಾಲೆ ಬಿಟ್ಟವಳು. ಒಂದೊಂದೇ ಅಕ್ಷರ ಕೂಡಿಸಿ ಬರೆಯಲು ಬಹಳ ಹೊತ್ತು ತೆಗೆದುಕೊಂಡಳು. ಹೊಳಿಯಪ್ಪ ಅವಸರ ಮಾಡಲಿಲ್ಲ, ಬಸ್ಸಿನ ವೇಳೆ ದಾಟುತ್ತಿದೆ ಎಂದು ನಾನೂ ಹೇಳಲಿಲ್ಲ. ಅವಳು ಬರೆದು ಮುಗಿಸಿದ ಮೇಲೆ ಅವರು ಹೆಸರನ್ನು ಒಮ್ಮೆ ಓದಿಕೊಂಡು, ಮಸಿ ಆರುವತನಕ ಕಾದು, ಪುಸ್ತಕ ಮುಚ್ಚಿದರು.